ಬ್ಯಾಂಕು ಪರೀಕ್ಷೆಯ ಇಂಗ್ಲಿಷು: ನಮ್ಮ ತರುಣರು ಎಡವುವುದೆಲ್ಲಿ?

ಬ್ಯಾಂಕು ನೇಮಕಾತಿಯ ಪ್ರಕಟಣೆ ಹೊರಬಿದ್ದಿತೆಂದರೆ ಪರವೂರಿನಲ್ಲಿ ನೆಲಸಿರುವ ನಮ್ಮ ತರುಣರ ಕೋಣೆಗಳಲ್ಲಿ ದೀಪ ಆರುವುದು ತಡವಾಗುತ್ತದೆ. ಹಗಲೆಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯಲ್ಲೋ, ವ್ಯಾಪಾರೀ ಕಚೇರಿಯ ಕಡತಗಳ ನಡುವೆಯೋ ದುಡಿದು, ರಾತ್ರಿ ಕಾಲೇಜಿನಲ್ಲಿ ಇಲ್ಲವೆ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಪದವಿ ಸಂಪಾದಿಸಿದವರು ನಮ್ಮಲ್ಲಿ ಕಡಮೆಯಿಲ್ಲ. ಅವರಲ್ಲಿ ಹಲವರು ಲೆಕ್ಕದಲ್ಲಿ ಚುರುಕು. ತರ್ಕದ ಪ್ರಶ್ನೆಗಳಲ್ಲಿ ಯಾರಿಗೂ ಹಿಂದಲ್ಲ. ಆದರೆ ಪರೀಕ್ಷೆ ಮುಗಿಸಿ ಬಂದವರನ್ನು ವಿಚಾರಿಸಿದರೆ ಹತ್ತರಲ್ಲಿ ಆರೇಳು ಮಂದಿ ಹೇಳುವ ಮಾತು ಒಂದೇ: "ಮಿಕ್ಕದ್ದೆಲ್ಲ ಸರಿಹೋಯಿತು, ಇಂಗ್ಲಿಷು ಕೈಕೊಟ್ಟಿತು." ಈ ಕೈಕೊಡುವ ಇಂಗ್ಲಿಷನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಬ್ಯಾಂಕಿಗೂ ಕನ್ನಡ ನಾಡಿಗೂ ಇರುವ ನಂಟನ್ನು ಇಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ೧೯೦೬ರಲ್ಲಿ ಹುಟ್ಟಿದ ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು, ೧೯೨೪ರ ಕರ್ಣಾಟಕ ಬ್ಯಾಂಕು, ೧೯೨೫ರ ಸಿಂಡಿಕೇಟ್ ಬ್ಯಾಂಕು, ೧೯೩೧ರ ವಿಜಯಾ ಬ್ಯಾಂಕು, ಇವೆಲ್ಲವೂ ಮಂಗಳೂರು ಉಡುಪಿಗಳ ನೆಲದಲ್ಲಿ ಮೊಳೆತವು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡಾ ಬ್ಯಾಂಕಿನೊಡನೆಯೂ, ೨೦೨೦ರಲ್ಲಿ ಸಿಂಡಿಕೇಟು ಕೆನರಾದೊಡನೆಯೂ ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿನೊಡನೆಯೂ ಲೀನವಾದವು. ಫಲಕಗಳ ಮೇಲಿನ ಹೆಸರುಗಳು ಅಳಿಸಿಹೋದರೂ ಊರಿನಲ್ಲಿರುವ ತಾಯಿತಂದೆಗಳಿಗೆ "ಮಗನಿಗೆ ಬ್ಯಾಂಕಿನಲ್ಲಿ ಕೆಲಸ" ಎಂಬ ಮಾತಿನ ತೂಕ ಇಂದಿಗೂ ತಗ್ಗಿಲ್ಲ. ಆದರೆ ಬಾಗಿಲು ಮಾತ್ರ ಒಂದೇ ಆಗಿದೆ. ಸ್ಟೇಟ್ ಬ್ಯಾಂಕೊಂದನ್ನು ಬಿಟ್ಟು ಉಳಿದ ಹನ್ನೊಂದು ಸರಕಾರೀ ಬ್ಯಾಂಕುಗಳಿಗೆ ಬೇಕಾದ ಅಧಿಕಾರಿಗಳನ್ನೂ ಗುಮಾಸ್ತರನ್ನೂ ಆರಿಸುವುದು ಮುಂಬಯಿಯಲ್ಲಿಯೇ ಪ್ರಧಾನ ಕಚೇರಿಯಿರುವ ಬ್ಯಾಂಕಿಂಗ್ ಸಿಬ್ಬಂದಿ ಆಯ್ಕೆ ಸಂಸ್ಥೆ, ಐ.ಬಿ.ಪಿ.ಎಸ್. ಎಂದರೆ ಎಲ್ಲರಿಗೂ ತಿಳಿದೀತು. ೨೦೧೧ರಿಂದ ಅದು ನಡೆಸಿಕೊಂಡು ಬಂದಿರುವ ಸಾಮಾನ್ಯ ಪರೀಕ್ಷೆಯೇ ಆ ಬಾಗಿಲು. ಸ್ಟೇಟ್ ಬ್ಯಾಂಕಿನದು ಬೇರೆ ಪರೀಕ್ಷೆ, ಆದರೂ ರೀತಿ ಹೆಚ್ಚು ಕಡಮೆ ಅದೇ.

ಪರೀಕ್ಷೆಯ ಕಟ್ಟನ್ನು ಮೊದಲು ತಿಳಿದುಕೊಳ್ಳೋಣ. ಯಾವ ವಿಷಯದಲ್ಲಾದರೂ ಪದವಿ ಪಡೆದವರು ಕುಳಿತುಕೊಳ್ಳಬಹುದು. ಮಾನ್ಯತೆಯುಳ್ಳ ಮುಕ್ತ ವಿಶ್ವವಿದ್ಯಾನಿಲಯದ ಪದವಿಯೂ ನಡೆಯುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ ಎಂದು ಎರಡು ಮೆಟ್ಟಿಲು. ಅಧಿಕಾರಿಯ ಹುದ್ದೆಗೆ ಅದರ ಮೇಲೆ ಸಂದರ್ಶನವೂ ಉಂಟು, ಗುಮಾಸ್ತರಿಗೆ ಅದಿಲ್ಲ. (ಗುಮಾಸ್ತನ ಹುದ್ದೆಗೆ ಈಚೆಗೆ 'ಕಸ್ಟಮರ್ ಸರ್ವಿಸ್ ಅಸೋಸಿಯೇಟ್' ಎಂಬ ಉದ್ದನೆಯ ಹೆಸರಿಟ್ಟಿದ್ದಾರೆ, ಹೆಸರು ಉದ್ದವಾದರೆ ಕೆಲಸ ಬದಲಾದೀತೆ!) ಪೂರ್ವಭಾವಿಯಲ್ಲಿ ಇಂಗ್ಲಿಷಿನ ಭಾಗಕ್ಕೆ ೩೦ ಪ್ರಶ್ನೆ, ೩೦ ಅಂಕ, ೨೦ ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ ನಲವತ್ತು ಸೆಕೆಂಡು. ಇಪ್ಪತ್ತು ನಿಮಿಷ ಕಳೆದೊಡನೆ ಯಂತ್ರವು ಆ ಭಾಗವನ್ನು ತಾನಾಗಿಯೇ ಮುಚ್ಚಿಬಿಡುತ್ತದೆ. ಲೆಕ್ಕದಲ್ಲಿ ಉಳಿಸಿದ ಹೊತ್ತನ್ನು ಇಂಗ್ಲಿಷಿಗೆ ಸುರಿಯುವ ಹಾಗಿಲ್ಲ. ಐ.ಬಿ.ಪಿ.ಎಸ್. ಪರೀಕ್ಷೆಯಲ್ಲಿ ಒಂದೊಂದು ಭಾಗಕ್ಕೂ ಬೇರೆ ಬೇರೆ ಕನಿಷ್ಠ ಅಂಕಗಳಿವೆ. ಆದುದರಿಂದ ಲೆಕ್ಕದಲ್ಲಿ ಎಷ್ಟೇ ಅಂಕ ಬಂದರೂ ಇಂಗ್ಲಿಷಿನ ಕೊರತೆಯನ್ನು ಅದು ತುಂಬಿಕೊಡಲಾರದು.

ನಾವು ಬಲ್ಲ ತರುಣನೊಬ್ಬನ ಸಂಗತಿ ಇದಕ್ಕೆ ಸಾಕ್ಷಿ. ಹದಿನಾರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಮೇಜು ಒರೆಸುವ ಕೆಲಸಕ್ಕೆ ಸೇರಿದವನು, ರಾತ್ರಿ ಶಾಲೆಯಲ್ಲಿ ಕಲಿತು, ಇಪ್ಪತ್ತೈದನೆಯ ವಯಸ್ಸಿಗೆ ಪದವೀಧರನಾದ. ಗಿರಾಕಿಯ ತಟ್ಟೆ ನೋಡಿ ಮನಸ್ಸಿನಲ್ಲಿಯೇ ಬಿಲ್ಲು ಕೂಡಿಸುವವನಿಗೆ ಅಂಕಗಣಿತ ಏನು ಮಹಾ? ಎರಡು ವರ್ಷವೂ ಲೆಕ್ಕದಲ್ಲಿ, ತರ್ಕದಲ್ಲಿ ಬೇಕಾದುದಕ್ಕಿಂತ ಹೆಚ್ಚು ಅಂಕ. ಎರಡು ವರ್ಷವೂ ಇಂಗ್ಲಿಷಿನಲ್ಲಿ ಕನಿಷ್ಠಕ್ಕೆ ಸ್ವಲ್ಪವೇ ಕಡಮೆ. ಗುಮಾಸ್ತರ ಹುದ್ದೆಗೆ ಸಾಮಾನ್ಯ ವರ್ಗದವರ ವಯಸ್ಸಿನ ಮಿತಿ ೨೮, ಅಧಿಕಾರಿಗಳಿಗೆ ೩೦. ಹಿಂದುಳಿದ ವರ್ಗದವರಿಗೆ ಮೂರು ವರ್ಷ, ಪರಿಶಿಷ್ಟ ಜಾತಿ ಪಂಗಡದವರಿಗೆ ಐದು ವರ್ಷದ ರಿಯಾಯಿತಿ ಇದೆ. ದುಡಿಯುತ್ತ ಓದಿದವನಿಗೆ ಪದವಿ ಕೈಗೆ ಬರುವ ಹೊತ್ತಿಗೆ ಆ ಮಿತಿಯ ಬಹುಭಾಗ ಸವೆದಿರುತ್ತದೆಂಬುದು ನಿಯಮ ಮಾಡುವವರ ಗಮನಕ್ಕೆ ಬಂದಂತಿಲ್ಲ. ಶ್ರೀಮಂತರ ಮಗನಿಗೆ ಏಳೆಂಟು ಸಲ ಸಿಗುವ ಅವಕಾಶ ನಮ್ಮ ಹೋಟೆಲಿನ ಹುಡುಗನಿಗೆ ಮೂರೇ ಸಲ.

ಕೆಲವರು ಕೇಳುವುದುಂಟು: "ಈಗ ಕನ್ನಡದಲ್ಲಿಯೇ ಪರೀಕ್ಷೆ ಬರೆಯಬಹುದಂತಲ್ಲ?" ಇದು ಅರ್ಧ ಸತ್ಯ. ೨೦೨೧ರಲ್ಲಿ ಕೇಂದ್ರ ಅರ್ಥ ಮಂತ್ರಾಲಯವು ಗುಮಾಸ್ತರ ಪರೀಕ್ಷೆಯನ್ನು ಇಂಗ್ಲಿಷು ಹಿಂದಿಗಳ ಜೊತೆಗೆ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ತೀರ್ಮಾನಿಸಿತು. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕಿದವರು ಲೆಕ್ಕ, ತರ್ಕಗಳ ಪ್ರಶ್ನೆಗಳನ್ನು ಕನ್ನಡದಲ್ಲಿ ಓದಬಹುದು. ಇಂಗ್ಲಿಷಿನ ಭಾಗ ಮಾತ್ರ ಇಂಗ್ಲಿಷಿನಲ್ಲಿಯೇ ಇರುತ್ತದೆ, ಅದನ್ನು ಬಿಡುವಂತಿಲ್ಲ. ಅಧಿಕಾರಿಗಳ ಪರೀಕ್ಷೆ ಇಂದಿಗೂ ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯೊಂದರಲ್ಲಿ ಮಾತ್ರ ಪೂರ್ವಭಾವಿಯಲ್ಲಿ ಇಂಗ್ಲಿಷಿಲ್ಲ. ಮುಖ್ಯ ಪರೀಕ್ಷೆಯಲ್ಲಿಯೂ ಇಂಗ್ಲಿಷಿಗೆ ಬದಲು ಹಿಂದಿಯನ್ನು ಆರಿಸಿಕೊಳ್ಳಬಹುದು. ಮುಂಬಯಿ ಪುಣೆಗಳ ಬೀದಿಯಲ್ಲಿ ಹಿಂದಿ ಕಲಿತವರು ಇದನ್ನು ಸುಲಭದ ದಾರಿಯೆಂದು ಭಾವಿಸಬಾರದು. ಬೀದಿಯ ಹಿಂದಿ ಬೇರೆ, ಪರೀಕ್ಷೆಯ ಹಿಂದಿ ಬೇರೆ.

ಹಾಗಾದರೆ ನಮ್ಮವರು ಎಡವುವುದೆಲ್ಲಿ? ನಾವು ಹಲವರ ಅಭ್ಯಾಸದ ಪುಸ್ತಕಗಳನ್ನು ತರಿಸಿ ನೋಡಿದ್ದೇವೆ. ತಪ್ಪುಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದಂತಿಲ್ಲ. ಮತ್ತೆ ಮತ್ತೆ ಅದೇ ನಾಲ್ಕಾರು ಹಳ್ಳಗಳಿಗೇ ಎಲ್ಲರೂ ಬೀಳುತ್ತಾರೆ. ಆ ಹಳ್ಳಗಳಿರುವುದು ಕನ್ನಡದ ದಾರಿಯೂ ಇಂಗ್ಲಿಷಿನ ದಾರಿಯೂ ಅಗಲುವ ಕಡೆಯಲ್ಲಿ. ತಮಾಷೆಯೆಂದರೆ ಹಳ್ಳದಿಂದ ಮೇಲೆತ್ತುವ ಹಗ್ಗವೂ ಅನೇಕ ವೇಳೆ ಕನ್ನಡದಲ್ಲಿಯೇ ಸಿಕ್ಕುತ್ತದೆ.

ಮೊದಲು ನಮ್ಮ 'ಇಂದ' ಪ್ರತ್ಯಯವನ್ನು ನೋಡಿರಿ. ಐದು ವರ್ಷದಿಂದ ಇಲ್ಲಿದ್ದೇನೆ, ೨೦೧೮ರಿಂದ ಇಲ್ಲಿದ್ದೇನೆ, ಉಡುಪಿಯಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ, ಅವನಿಂದ ಆಯಿತು, ಜ್ವರದಿಂದ ನರಳಿದ. ಈ ಆರು ಕೆಲಸಗಳನ್ನೂ ನಮ್ಮ ಒಂದೇ ಪ್ರತ್ಯಯ ಮಾಡಿಮುಗಿಸುತ್ತದೆ. ಇಂಗ್ಲಿಷಿಗೆ ಅಷ್ಟು ಮಿತವ್ಯಯವಿಲ್ಲ. 'ಫಾರ್', 'ಸಿನ್ಸ್', 'ಫ್ರಮ್', 'ವಿತ್', 'ಬೈ' ಎಂದು ಬೇರೆ ಬೇರೆ ಆಳುಗಳನ್ನಿಟ್ಟುಕೊಂಡಿದೆ. 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂದು ನಮ್ಮವರು ಬರೆಯುವುದು ಈ ಕಾರಣದಿಂದಲೇ. ಕಾಲದ ಉದ್ದವನ್ನು ಹೇಳುವಾಗ 'ಫಾರ್', ಕಾಲ ಆರಂಭವಾದ ಬಿಂದುವನ್ನು ಹೇಳುವಾಗ 'ಸಿನ್ಸ್'. ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ, ಎಷ್ಟು ಗಂಟೆ ದುಡಿದೆ ಎಂಬುದಕ್ಕೆ 'ಫಾರ್', ಎಷ್ಟು ಗಂಟೆಗೆ ಪಾಳಿ ಹತ್ತಿದೆ ಎಂಬುದಕ್ಕೆ 'ಸಿನ್ಸ್'.

'ಅಲ್ಲಿ' ಎಂಬ ಪ್ರತ್ಯಯವೂ ಇಂಥದೇ. ಮುಂಬಯಿಯಲ್ಲಿ, ದಾದರಿನಲ್ಲಿ ಇಳಿದು, ರೈಲಿನಲ್ಲಿ, ಫೋನಿನಲ್ಲಿ, ಕೊನೆಯಲ್ಲಿ. ಇವುಗಳಲ್ಲಿ 'ಇನ್', 'ಅಟ್', 'ಆನ್' ಎಂಬ ಮೂರೂ ಹಂಚಿಹೋಗುತ್ತವೆ. ಇದಕ್ಕೆ ಸೂತ್ರ ಹುಡುಕಿ ಪ್ರಯೋಜನವಿಲ್ಲ. ಓದುವಾಗ ಕಂಡ ಪ್ರಯೋಗವನ್ನು ಬರೆದಿಟ್ಟುಕೊಂಡು ಕಿವಿಗೆ ಒಗ್ಗಿಸಿಕೊಳ್ಳಬೇಕು, ಅಷ್ಟೆ.

ಇನ್ನು 'ಎ', 'ಆನ್', 'ದಿ' ಎಂಬ ಉಪಪದಗಳ ಗೋಳು. ಕನ್ನಡದಲ್ಲಿ ಇವೇ ಇಲ್ಲವೆಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಹುಡುಗನೂ ಅದನ್ನು ನಂಬಿ ಕೈಬಿಟ್ಟಿರುತ್ತಾನೆ. ನಮಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅಜ್ಜಿ ಕಥೆ ಹೇಳುವುದನ್ನು ಜ್ಞಾಪಿಸಿಕೊಳ್ಳಿರಿ. ಒಂದೂರಿನಲ್ಲಿ ಒಬ್ಬ ರಾಜ. ಆ ರಾಜನಿಗೆ ಮೂವರು ಮಕ್ಕಳು. ಮೊದಲ ಸಲ ಪರಿಚಯ ಮಾಡಿಕೊಡುವಾಗ 'ಒಬ್ಬ', ಪರಿಚಯವಾದ ಮೇಲೆ 'ಆ'. ಇಂಗ್ಲಿಷಿನ 'ಎ' ಮತ್ತು 'ದಿ' ಮಾಡುವ ಮುಖ್ಯ ಕೆಲಸವೂ ಇದೇ. ಕೇಳುವವನಿಗೆ ಹೊಸತಾದುದಕ್ಕೆ 'ಎ', ಯಾವುದೆಂದು ಅವನಿಗೆ ಗೊತ್ತಿರುವುದಕ್ಕೆ 'ದಿ'. ಎಲ್ಲೆಡೆಯೂ ಇದು ಸಾಲದು. ಸೂರ್ಯ ಚಂದ್ರರಂತೆ ಒಂದೇ ಒಂದಾಗಿರುವ ವಸ್ತುವಿಗೆ, 'ಬೆಸ್ಟ್' 'ಹೈಯೆಸ್ಟ್' ಮೊದಲಾದ ಪರಮಾವಧಿಯ ಮಾತಿಗೆ 'ದಿ' ಬೇಕೆಂಬುದನ್ನೂ ನೆನಪಿಡಬೇಕು; 'ಆನೆಸ್ಟ್' ಶಬ್ದದ ಹಿಂದೆ 'ಆನ್', 'ಯೂನಿವರ್ಸಿಟಿ'ಯ ಹಿಂದೆ 'ಎ' ಬರುವುದು ಅಕ್ಷರ ನೋಡಿ ಅಲ್ಲ, ಉಚ್ಚಾರ ಕೇಳಿ. ಆದರೆ ಅಜ್ಜಿಯ ಕಥೆಯಿಂದ ಮುಕ್ಕಾಲು ಪಾಲು ಕೆಲಸ ಸಾಗುತ್ತದೆ. ಮತ್ತೊಂದು ಲಾಭವೂ ಉಂಟು. ಕಲಸಿಟ್ಟ ಐದಾರು ವಾಕ್ಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿರೆಂಬ ಪ್ರಶ್ನೆ ಈ ಪರೀಕ್ಷೆಯಲ್ಲಿ ಸಾಮಾನ್ಯ. 'ಎ ಫಾರ್ಮರ್' ಎಂದಿರುವ ವಾಕ್ಯ ಮೊದಲು, 'ದಿ ಫಾರ್ಮರ್' ಎಂದಿರುವುದು ನಂತರ, 'ಹಿ' ಎಂದಿರುವುದು ಅದಕ್ಕೂ ನಂತರ. 'ಹೌಎವರ್', 'ದೇರ್‌ಫೋರ್' ಎಂದು ತೊಡಗುವ ವಾಕ್ಯ ಕಥೆಯ ಮೊದಲಿಗೆ ಬರಲಾರದು; ನಮ್ಮಲ್ಲಿ 'ಆದರೆ', 'ಆದುದರಿಂದ' ಎಂದು ಕಥೆ ಆರಂಭಿಸುವ ಅಜ್ಜಿ ಎಲ್ಲಾದರೂ ಇದ್ದಾಳೆಯೆ?

ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪಿಸಿ ತಪ್ಪು ಹುಡುಕಿಸುವುದು ಪ್ರಶ್ನೆ ತೆಗೆಯುವವರಿಗೆ ಅಚ್ಚುಮೆಚ್ಚು. 'ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಆರ್ ಗುಡ್.' ಕ್ರಿಯಾಪದದ ಪಕ್ಕದಲ್ಲಿ 'ಮ್ಯಾಂಗೋಸ್' ಕುಳಿತಿರುವುದರಿಂದ 'ಆರ್' ಸರಿಯೆಂದೇ ಕಣ್ಣಿಗೆ ತೋರುತ್ತದೆ. ಇದನ್ನು ಕನ್ನಡಕ್ಕೆ ತಿರುಗಿಸಿರಿ: ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಹಿಂದಕ್ಕೆ ಸರಿದು ನಿಜವಾದ ಕರ್ತೃ ಕ್ರಿಯಾಪದದ ಮಗ್ಗುಲಿಗೇ ಬಂದು ನಿಲ್ಲುತ್ತಾನೆ. ಗುಣಮಟ್ಟ ಒಂದೇ, ಆದುದರಿಂದ 'ಇಸ್'. 'ಒನ್ ಆಫ್ ದಿ ಕ್ಲರ್ಕ್ಸ್ ಆರ್ ಆನ್ ಲೀವ್' ಎಂಬುದನ್ನೂ ಹೀಗೆಯೇ ಹಿಡಿಯಬಹುದು: ಗುಮಾಸ್ತರಲ್ಲಿ ಒಬ್ಬನು ರಜೆಯಲ್ಲಿದ್ದಾನೆ. 'ಒಬ್ಬನು' ಎಂದ ಮೇಲೆ 'ಆರ್' ಎಲ್ಲಿಂದ ಬಂತು? ವಾಕ್ಯ ಎಷ್ಟು ಉದ್ದವಾದರೂ, ನಡುವೆ 'ಹು', 'ವಿಚ್' ಎಂದು ಎಷ್ಟು ಗಂಟುಗಳಿದ್ದರೂ, ಈ ಉಪಾಯ ಕೈಬಿಡುವುದು ಅಪರೂಪ. ಆದರೆ ಇದು ಮನೆಯಲ್ಲಿ ಮಾಡುವ ಸಾಧನೆ. ನಲವತ್ತು ಸೆಕೆಂಡಿನ ಪರೀಕ್ಷಾ ಮಂದಿರದಲ್ಲಿ ಅನುವಾದಕ್ಕೆ ಸಮಯವೆಲ್ಲಿ? ಇನ್ನೂರು ವಾಕ್ಯಗಳನ್ನು ಹೀಗೆ ತಿರುಗಿಸಿ ನೋಡಿದವನ ಕಣ್ಣು ತಾನಾಗಿಯೇ ಕರ್ತೃವನ್ನು ಹುಡುಕಲು ಕಲಿಯುತ್ತದೆ.

ಇನ್ನೊಬ್ಬರು ಕೇಳಿದ ಪ್ರಶ್ನೆಯನ್ನು ವರದಿ ಮಾಡುವಾಗ ಕನ್ನಡವು ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. 'ಸಂಬಳ ಯಾವಾಗ ಸಿಗುತ್ತದೆ ಎಂದು ಕೇಳಿದನು' ಎಂದರಾಯಿತು. 'ಎಂದು' ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಅದರಂತೆಯೇ ನಮ್ಮವರು 'ಹಿ ಆಸ್ಕ್ಡ್ ವೆನ್ ವಿಲ್ ಹಿ ಗೆಟ್ ಹಿಸ್ ಸ್ಯಾಲರಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಬೆನ್ನು ನೇರವಾಗಬೇಕು, ಕಾಲವೂ ಹಿಂದೆ ಸರಿಯಬೇಕು: 'ಹಿ ಆಸ್ಕ್ಡ್ ವೆನ್ ಹಿ ವುಡ್ ಗೆಟ್ ಹಿಸ್ ಸ್ಯಾಲರಿ.'

ಎಲ್ಲಕ್ಕಿಂತ ಆಳವಾದ ಹಳ್ಳ, ನಮ್ಮ ಅಭಿಪ್ರಾಯದಲ್ಲಿ, 'ಮಾಡು' ಎಂಬ ಪುಟ್ಟ ಶಬ್ದದ್ದು. ನಗರಗಳ ಕನ್ನಡಿಗನು ಯಾವ ಇಂಗ್ಲಿಷ್ ಶಬ್ದವನ್ನಾದರೂ ಎಳೆದುತಂದು 'ಮಾಡು' ಸೇರಿಸಿ ಕನ್ನಡವಾಗಿಸಬಲ್ಲ: ಡಿಸ್ಕಸ್ ಮಾಡು, ಅಡ್ಜಸ್ಟ್ ಮಾಡು, ಅರೇಂಜ್ ಮಾಡು, ಡಿಪೆಂಡ್ ಆಗು. ಶಬ್ದವೇನೋ ನಮ್ಮ ಮನೆಗೆ ಬಂದಿತು. ಅದರ ಸಂಗಾತಿ ಬರಲಿಲ್ಲ. 'ಡಿಪೆಂಡ್' ಎಂಬುದರ ಸಂಗಾತಿ 'ಆನ್', 'ಕಂಪ್ಲೈ' ಎಂಬುದರದು 'ವಿತ್', 'ಪ್ರಿವೆಂಟ್' ಎಂಬುದರದು 'ಫ್ರಮ್', 'ಅಕ್ಯೂಸ್' ಎಂಬುದರದು 'ಆಫ್', 'ಸೀನಿಯರ್' ಎಂಬುದರದು 'ದ್ಯಾನ್' ಅಲ್ಲ, 'ಟು'. ಇನ್ನು 'ಡಿಸ್ಕಸ್' ಎಂಬುದಕ್ಕೆ ಸಂಗಾತಿಯೇ ಇಲ್ಲ. ನಾವು 'ಅದರ ಬಗ್ಗೆ ಚರ್ಚಿಸಿದೆವು' ಎನ್ನುವ ರೂಢಿಯಿಂದ 'ಡಿಸ್ಕಸ್ ಅಬೌಟ್' ಎಂದು ಇಲ್ಲದ ನೆಂಟನನ್ನು ಗಂಟುಹಾಕುತ್ತೇವೆ. ಆದುದರಿಂದ ಕ್ರಿಯಾಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳುವುದನ್ನು ಇಂದೇ ನಿಲ್ಲಿಸಬೇಕು. ಟಿಪ್ಪಣಿ ಪುಸ್ತಕದಲ್ಲಿ 'ಡಿಪೆಂಡ್' ಎಂದಲ್ಲ, 'ಡಿಪೆಂಡ್ ಆನ್ ರೇನ್' ಎಂದು ಜೋಡಿಯಾಗಿ, ಒಂದು ಸಣ್ಣ ಉದಾಹರಣೆಯೊಡನೆ ಬರೆಯಬೇಕು.

ಶಬ್ದಸಂಪತ್ತಿನ ಮಾತು ಬಂದಾಗ ನಮ್ಮವರು ಅನವಶ್ಯಕವಾಗಿ ಕುಗ್ಗುತ್ತಾರೆ. ಹೋಟೆಲಿನಲ್ಲಿ ದುಡಿಯುವವನಿಗೆ ಎಷ್ಟು ಇಂಗ್ಲಿಷ್ ಶಬ್ದಗಳು ಬರುತ್ತವೆಂಬುದನ್ನು ಅವನೇ ಎಣಿಸಿರುವುದಿಲ್ಲ: ಆರ್ಡರ್, ಬಿಲ್, ಬ್ಯಾಲೆನ್ಸ್, ಅಡ್ವಾನ್ಸ್, ಕ್ರೆಡಿಟ್, ಡಿಪಾಸಿಟ್, ಸ್ಟಾಕ್, ಸರ್ವಿಸ್, ಲೈಸೆನ್ಸ್. ತೊಡಕೆಂದರೆ ಅವನಿಗೆ ಒಂದೊಂದರ ಒಂದೇ ಅರ್ಥ ಗೊತ್ತು, ಪರೀಕ್ಷೆಯಲ್ಲಿ ಬರುವುದು ಮತ್ತೊಂದು. ಬಿಲ್ಲು ಎಂದರೆ ದೋಸೆ ಕಾಫಿಯ ಲೆಕ್ಕವೂ ಹೌದು, ಸಂಸತ್ತಿನ ಮುಂದಿಟ್ಟ ಮಸೂದೆಯೂ ಹೌದು. ಇಂಟರೆಸ್ಟ್ ಬಡ್ಡಿಯೂ ಹೌದು, ಆಸಕ್ತಿಯೂ ಹೌದು, ಹಿತವೂ ಹೌದು. ಡ್ರಾಫ್ಟ್ ಬ್ಯಾಂಕಿನ ಕಾಗದವೂ ಹೌದು, ಪತ್ರದ ಕರಡೂ ಹೌದು. ಇನ್ನು ಮೈಸೂರು ಬೆಂಗಳೂರುಗಳ ಕಡೆ 'ಸಪ್ಲೈಯರ್' ಎಂದರೆ ತಿಂಡಿ ಬಡಿಸುವವನು. ಇಂಗ್ಲಿಷಿನ ಅರ್ಥಶಾಸ್ತ್ರದ ಲೇಖನದಲ್ಲಿ ಅವನು ಸರಕು ಒದಗಿಸುವ ವರ್ತಕ. ನಮ್ಮ 'ಹೋಟೆಲು' ಕೂಡ ಅಲ್ಲಿ ತಂಗುವ ವಸತಿಗೃಹವೇ ಹೊರತು ಊಟದ ಮನೆಯಲ್ಲ! ಗೊತ್ತಿರುವ ಶಬ್ದದ ಗೊತ್ತಿಲ್ಲದ ಅರ್ಥವನ್ನು ಮೊದಲು ಕಲಿಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥ ಒಂದು ಒಳ್ಳೆಯ ನಿಘಂಟು ಕೋಣೆಯಲ್ಲಿದ್ದರೆ ನಾಲ್ಕು ಮಂದಿಗೆ ಸಾಕು.

ತರಬೇತಿ ವರ್ಗಗಳವರು ಕೈಗೆ ಕೊಡುವ ಮೂರು ನಾಲ್ಕು ಸಾವಿರ ಶಬ್ದಗಳ ಪಟ್ಟಿಯ ಬಗೆಗೆ ನಮಗೆ ಅಷ್ಟೇನೂ ಆದರವಿಲ್ಲ. ಬಾಯಿಪಾಠ ಮಾಡಿದ ಶಬ್ದವು ವಾಕ್ಯದಲ್ಲಿ ಎದುರಾದಾಗ, ವೇಷ ಕಳಚಿದ ಯಕ್ಷಗಾನದ ಪಾತ್ರಧಾರಿಯನ್ನು ಬಸ್ಸಿನಲ್ಲಿ ಕಂಡಂತೆ, ಗುರುತೇ ಸಿಗುವುದಿಲ್ಲ. ವ್ಯಾಕರಣಕ್ಕೆ ರೆನ್ ಮತ್ತು ಮಾರ್ಟಿನ್ನರ ಹಳೆಯ ಪುಸ್ತಕವೊಂದು ಸಾಕು, ಅದೂ ಆದಿಯಿಂದ ಅಂತ್ಯದ ವರೆಗೆ ಅಲ್ಲ. ತಾನು ತಪ್ಪಿದ ಪ್ರಶ್ನೆಗೆ ಸಂಬಂಧಿಸಿದ ಪ್ರಕರಣವನ್ನು ಮಾತ್ರ ತೆರೆದು ಓದಬೇಕು. ಶಬ್ದಗಳ ಮೂಲವನ್ನು ಹಿಡಿದು ಕಲಿಯಬಯಸುವವರಿಗೆ ೧೯೪೯ರಲ್ಲಿ ಬಂದ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' ಇಂದಿಗೂ ಹಳೆಯ ಪುಸ್ತಕದಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆ.

ಪರೀಕ್ಷೆಯ ಹೃದಯವಿರುವುದು ಓದಿನಲ್ಲಿ. ಸುಮಾರು ನಾನೂರು ಐನೂರು ಶಬ್ದಗಳ ಒಂದು ಪಾಠವನ್ನು ಕೊಟ್ಟು, ಅದರ ಮೇಲೆ ಏಳೆಂಟು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ವಿಷಯ ಹೆಚ್ಚಾಗಿ ಹಣಕಾಸು, ಉದ್ಯೋಗ, ಕೃಷಿ, ಪರಿಸರ ಇಂಥವು. ನಿಮಿಷಕ್ಕೆ ನೂರೈವತ್ತು ಶಬ್ದ ಓದಬಲ್ಲವನಿಗೆ ಮೂರು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ತುಟಿ ಅಲುಗಿಸುತ್ತ, ಒಂದೊಂದು ಶಬ್ದದ ಬಳಿಯೂ ನಿಂತು ಓದುವವನಿಗೆ ಆರು ನಿಮಿಷ ಹೋಗುತ್ತದೆ. ಅರಿಯದ ಶಬ್ದ ಬಂದೊಡನೆ ನಿಲ್ಲುವ ಅಭ್ಯಾಸವನ್ನು ಬಿಡಿಸುವುದೇ ಮೊದಲ ಪಾಠವಾಗಬೇಕು.

ಮೇಲೆ ಹೇಳಿದ ಕುಂದಾಪುರದ ತರುಣನು ಮೂರನೆಯ ವರ್ಷ ಮಾಡಿದ ಕೆಲಸ ಹೀಗಿತ್ತು. ಹೋಟೆಲಿಗೆ ಗಿರಾಕಿಗಳಿಗಾಗಿ ಬರುವ ಇಂಗ್ಲಿಷ್ ಪತ್ರಿಕೆ ರಾತ್ರಿ ರದ್ದಿಯಾಗುತ್ತದಷ್ಟೆ. ನಿನ್ನೆಯ ಆ ಪತ್ರಿಕೆಯನ್ನು ತಂದಿಟ್ಟುಕೊಂಡು, ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿಯ ಗದ್ದಲ ತೊಡಗುವ ನಡುವಣ ಒಂದು ಗಂಟೆಯಲ್ಲಿ ಸಂಪಾದಕೀಯವೊಂದನ್ನು ಓದುತ್ತಿದ್ದ. ಮೊದಲು ಗಡಿಯಾರ ನೋಡಿ ಒಂದೇ ಉಸಿರಿಗೆ, ಎಲ್ಲಿಯೂ ನಿಲ್ಲದೆ ಓದುವುದು. ಬಳಿಕ ಪತ್ರಿಕೆಯನ್ನು ಮಗುಚಿಟ್ಟು, ಅದರಲ್ಲಿದ್ದುದನ್ನು ಎರಡೇ ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯುವುದು. ಮೊದಮೊದಲು ಆ ಎರಡು ವಾಕ್ಯಗಳೇ ಹೊರಡುತ್ತಿರಲಿಲ್ಲ. ಆಗ ಅವನು ಕನ್ನಡ ಪತ್ರಿಕೆಯ ಅಗ್ರಲೇಖನವನ್ನು ಓದಿ ಅದೇ ಪ್ರಯೋಗ ಮಾಡಿದನು, ಅಲ್ಲಿಯೂ ತಡವರಿಸಿದನು! ಕೊರತೆಯಿದ್ದುದು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಲೇಖಕನ ವಾದ ಯಾವುದು, ಉದಾಹರಣೆ ಯಾವುದು, ಅವನು ಒಪ್ಪದೆ ಬರಿದೆ ಉಲ್ಲೇಖಿಸಿದ ಮಾತು ಯಾವುದು ಎಂದು ಬೇರ್ಪಡಿಸುವ ರೂಢಿಯಲ್ಲಿ. ಎರಡು ತಿಂಗಳು ಕನ್ನಡ, ಇಂಗ್ಲಿಷ್ ಎರಡನ್ನೂ ಹೀಗೆ ಓದಿದ ಮೇಲೆ ಗಂಟು ಸಡಿಲವಾಯಿತು. ಎರಡನೆಯ ಓದಿನಲ್ಲಿ ಮಾತ್ರ ಐದು ಶಬ್ದಗಳನ್ನು ಆರಿಸಿ ನಿಘಂಟು ನೋಡುತ್ತಿದ್ದ, ಐದಕ್ಕಿಂತ ಹೆಚ್ಚಿಲ್ಲ. ಆ ವರ್ಷ ಅವನು ಪೂರ್ವಭಾವಿಯ ಮೆಟ್ಟಿಲನ್ನು ದಾಟಿದನು.

ಪತ್ರಿಕೆಯ ಜೊತೆಗೆ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಯ ಹೇಳಿಕೆಯನ್ನು ಓದುವುದೂ ಒಳ್ಳೆಯದು. ಸುಮಾರು ಎರಡು ತಿಂಗಳಿಗೊಮ್ಮೆ ಗವರ್ನರರು ಓದುವ ಆ ಹೇಳಿಕೆ ಅದರ ಜಾಲತಾಣದಲ್ಲಿ ಕಾಸಿಲ್ಲದೆ ದೊರೆಯುತ್ತದೆ. ಭಾಷೆ ಒಣಕಲೆನ್ನಿಸಿದರೂ ಶುದ್ಧವಾದುದು. ಬಡ್ಡಿಯ ದರ, ಹಣದುಬ್ಬರ ಮೊದಲಾದ ವಿಷಯಗಳು ಮುಖ್ಯ ಪರೀಕ್ಷೆಯ ಸಾಮಾನ್ಯ ಜ್ಞಾನದ ಭಾಗಕ್ಕೂ ಒದಗುತ್ತವೆ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆಂಬ ಹೆದರಿಕೆ ಅನೇಕರಿಗಿದೆ. ಇದನ್ನು ಗಲ್ಲಾಪೆಟ್ಟಿಗೆಯ ಲೆಕ್ಕದಂತೆ ನೋಡೋಣ. ಐದು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಮುಟ್ಟಿದರೆ ಇಪ್ಪತ್ತು ಪ್ರಶ್ನೆಗಳಲ್ಲಿ ಸರಾಸರಿ ನಾಲ್ಕು ಸರಿ, ಹದಿನಾರು ತಪ್ಪು. ಬಂದದ್ದು ನಾಲ್ಕು, ಹೋದದ್ದು ನಾಲ್ಕು. ಲಾಭವೂ ಇಲ್ಲ ನಷ್ಟವೂ ಇಲ್ಲ, ಹೊತ್ತು ಹಾಳು. ಆದರೆ ಎರಡು ಉತ್ತರಗಳು ಖಂಡಿತ ತಪ್ಪೆಂದು ಗೊತ್ತಾಗಿ, ಉಳಿದ ಮೂರರಲ್ಲಿ ಒಂದನ್ನು ಆರಿಸಿದರೆ, ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಏಳು ಸರಿ, ಹದಿನಾಲ್ಕು ತಪ್ಪು: ಏಳು ಅಂಕ ಬಂದು ಮೂರೂವರೆ ಹೋಗಿ, ಮೂರೂವರೆ ಉಳಿಯುತ್ತದೆ. ಕುಂದಾಪುರದ ತರುಣನಿಗೆ ಎರಡು ವರ್ಷವೂ ಬೇಕಾಗಿದ್ದುದು ಇದಕ್ಕಿಂತ ಕಡಮೆ. ಏನೂ ತಿಳಿಯದ ಪ್ರಶ್ನೆಯನ್ನು ಬಿಡಿರಿ, ಅರ್ಧ ತಿಳಿದುದನ್ನು ಬಿಡಬೇಡಿರಿ. ಮೊದಲು ಶಬ್ದ ತುಂಬುವ, ತಪ್ಪು ಹುಡುಕುವ ಸಣ್ಣ ಪ್ರಶ್ನೆಗಳನ್ನು ಎಂಟು ಹತ್ತು ನಿಮಿಷದೊಳಗೆ ಮುಗಿಸಿ, ದೀರ್ಘವಾದ ಪಾಠವನ್ನು ಕೊನೆಗಿಟ್ಟುಕೊಳ್ಳುವುದು ನಮ್ಮವರಲ್ಲಿ ಬಹುಮಂದಿಗೆ ಒಗ್ಗುತ್ತದೆ. ಓದಿನಲ್ಲಿ ವೇಗವುಳ್ಳವರು ಇದರ ವಿರುದ್ಧವಾಗಿಯೂ ಮಾಡಬಹುದು.

ಅಧಿಕಾರಿಯ ಹುದ್ದೆಗೆ ಹೋಗುವವರಿಗೆ ಮುಖ್ಯ ಪರೀಕ್ಷೆಯಲ್ಲಿ ಮತ್ತೊಂದು ಗಂಡಾಂತರವಿದೆ. ಪ್ರಬಂಧ ಮೊದಲಾದುವನ್ನು ಮೂವತ್ತು ನಿಮಿಷದಲ್ಲಿ ಇಂಗ್ಲಿ‌ಷಿನಲ್ಲಿ ರಚಿಸಬೇಕು, ೨೫ ಅಂಕ. ಕಾಗದದ ಮೇಲೆ ಬರೆಯುವಂತಿಲ್ಲ, ಕೀಲಿಮಣೆಯ ಮೇಲೆ ಬೆರಳಾಡಿಸಬೇಕು. ಕೈಫೋನಿನ ಮೇಲೆ ಎರಡು ಹೆಬ್ಬೆರಳುಗಳಿಂದ ಚುರುಕಾಗಿ ಬರೆಯುವವರು ಇಲ್ಲಿ ಬೆಪ್ಪಾಗುವುದನ್ನು ನಾವು ಕಂಡಿದ್ದೇವೆ. ಕಚೇರಿಗಳಲ್ಲಿರುವ ನಮ್ಮ ಗುಮಾಸ್ತ ಬಂಧುಗಳಿಗೆ ಈ ತೊಂದರೆಯಿಲ್ಲ. ಅವರು ಹೋಟೆಲಿನ ಮಿತ್ರರಿಗೆ ಭಾನುವಾರ ಒಂದು ಗಂಟೆ ಕಂಪ್ಯೂಟರು ಒದಗಿಸಿಕೊಟ್ಟರೆ ದೊಡ್ಡ ಉಪಕಾರವಾದೀತು. ಮುಂಬಯಿಯ ಮೊಗವೀರ, ಬಿಲ್ಲವ ಮೊದಲಾದ ಸಮಾಜಗಳ ಹಿರಿಯರು ಒಂದು ಕಾಲದಲ್ಲಿ ದುಡಿಯುವ ಹುಡುಗರಿಗಾಗಿಯೇ ರಾತ್ರಿ ಶಾಲೆಗಳನ್ನು ತೆರೆದು ನಡೆಸಿದವರು. ವಾರ್ಷಿಕೋತ್ಸವಕ್ಕೂ ಸನ್ಮಾನಕ್ಕೂ ಸಭಾಗೃಹಗಳನ್ನು ತೆರೆಯುವ ಇಂದಿನ ಸಂಘಗಳು ವಾರಕ್ಕೆರಡು ಸಂಜೆ ಒಂದು ಕೋಣೆಯನ್ನೂ ನಾಲ್ಕು ಕಂಪ್ಯೂಟರುಗಳನ್ನೂ ಈ ತರುಣರಿಗೆ ಬಿಟ್ಟುಕೊಡಲಾರವೆ? ನಿವೃತ್ತರಾದ ಬ್ಯಾಂಕು ಅಧಿಕಾರಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪತ್ರ ತಿದ್ದಿಕೊಡುವುದು ಅವರಿಗೆ ಹೊರೆಯಲ್ಲ.

ಕೊನೆಯದಾಗಿ ಎರಡು ವ್ಯಾವಹಾರಿಕ ಸಂಗತಿಗಳು. ಗುಮಾಸ್ತರ ಹುದ್ದೆಗೆ ಒಂದೇ ರಾಜ್ಯವನ್ನು ಆರಿಸಿ ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಬಲ್ಲವರಾಗಿರಬೇಕು. ಮಹಾರಾಷ್ಟ್ರವೆಂದರೆ ಮರಾಠಿ, ತಮಿಳುನಾಡೆಂದರೆ ತಮಿಳು. ಇಲ್ಲಿಯ ಭಾಷೆಯನ್ನು ಮಾತಿನಲ್ಲಿ ಮಾತ್ರ ಬಲ್ಲವರು ಕರ್ನಾಟಕವನ್ನೇ ಆರಿಸಿಕೊಳ್ಳುವುದು ಕ್ಷೇಮ. ಎರಡನೆಯದು ರಜೆಯ ವಿಚಾರ. ಐ.ಬಿ.ಪಿ.ಎಸ್. ಸಂಸ್ಥೆಯು ವರ್ಷದ ಪರೀಕ್ಷೆಗಳ ತಾತ್ಕಾಲಿಕ ದಿನಸೂಚಿಯನ್ನು ಸಾಮಾನ್ಯವಾಗಿ ಜನವರಿಯಲ್ಲಿಯೇ ಪ್ರಕಟಿಸುತ್ತದೆ. ಪ್ರಶ್ನೆಗಳ ಸಂಖ್ಯೆ, ಅಂಕ, ಸಮಯ ಇವು ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನು ಸ್ವತಃ ಓದಿಕೊಳ್ಳಬೇಕು. ಅದೂ ಇಂಗ್ಲಿಷಿನಲ್ಲಿಯೇ ಇರುವುದರಿಂದ ಒಂದು ಪಾಠ ಓದಿದಂತೆಯೂ ಆಗುತ್ತದೆ. ಪರೀಕ್ಷೆಗಳು ಹೆಚ್ಚಾಗಿ ಗಣೇಶ ಚೌತಿ, ನವರಾತ್ರಿ, ದೀಪಾವಳಿಗಳ ಆಸುಪಾಸಿನಲ್ಲಿ, ಹೋಟೆಲುಗಳಲ್ಲಿ ಆಳು ಸಾಲದ ದಿನಗಳಲ್ಲಿಯೇ ಬಂದು ಬೀಳುತ್ತವೆ. ಹಿಂದಿನ ದಿನ ಸಂಜೆ ಹೋಗಿ ರಜೆ ಕೇಳಿದರೆ ಯಾವ ಮಾಲಿಕನಾದರೂ ಮುಖ ಸಿಂಡರಿಸಿಯಾನು. ದಿನಸೂಚಿ ಬಂದೊಡನೆ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು, ಮಾಲಿಕರ ಮೇಜಿನ ಹಿಂದಿರುವ ಕ್ಯಾಲೆಂಡರಿಗೆ ಸಿಕ್ಕಿಸಿ ಬರುವುದೊಳ್ಳೆಯದು.